‘ಬಂದೀತು’ ಎಂಬ ಮಾತಿನ ತೂಕ

ಕನ್ನಡ ಮೇಷ್ಟರ ಮನೆಯ ಬಾಗಿಲನ್ನು ಜನ ಸಾಮಾನ್ಯವಾಗಿ ಮೂರು ಕಾರಣಗಳಿಗಾಗಿ ತಟ್ಟುತ್ತಾರೆ: ಮಗುವಿಗೆ ಹೆಸರು ಹುಡುಕಬೇಕಾದಾಗ, ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಿದ್ದಿಸಬೇಕಾದಾಗ, ಮತ್ತು ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿಯ ನಾಲ್ಕು ಸಾಲು ಬರೆಸಬೇಕಾದಾಗ. ಗಣಿತ ಹೇಳಿಸಿಕೊಳ್ಳಲು ಯಾರೂ ಬರುವುದಿಲ್ಲ; ಬರಲೂ ಬಾರದು. ನಾನು ಕನ್ನಡ ಎಂ.ಎ. ಮಾಡಿದ್ದು ಪಂಪ ಕುಮಾರವ್ಯಾಸರ ಮೇಲಿನ ಪ್ರೀತಿಯಿಂದ ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನಾದರೂ, ಆ ಪ್ರೀತಿಯ ಬೆನ್ನ ಹಿಂದೆ ಲೆಕ್ಕದ ಭಯವೂ ಅಡಗಿ ಕುಳಿತಿತ್ತೆಂಬುದನ್ನು ಈ ವಯಸ್ಸಿನಲ್ಲಿ ಮರೆಮಾಚಿ ಫಲವಿಲ್ಲ. ಹೀಗಿರುವಾಗ, ಕಳೆದ ವರ್ಷ ಸ್ವಾತಿ ಮಳೆಯ ಕಾಲದ ಒಂದು ಸಂಜೆ, ಹರಿಹರದ ನಮ್ಮ ಮನೆಯ ಜಗುಲಿಗೆ ಹಿಂದಿನ ಬೀದಿಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯ ಗಣಿತದ ಪುಸ್ತಕವನ್ನು ಎದೆಗವಚಿಕೊಂಡು ಬಂದು ನಿಂತಾಗ ನನಗೆ ಒಳಗೊಳಗೇ ಅಳುಕಾಯಿತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಏಕೆಂಬುದು ವಾಚಕರಿಗೆ ಮುಂದೆ ತಿಳಿದೀತು.

“ಲೆಕ್ಕ ಕೇಳಾಕ ಬಂದಿಲ್ಲ ಸಾರ್. ಇದೊಂದು ಪದಕ್ಕೆ ಅರ್ಥ ಹೇಳ್ರಿ, ಸಾಕು” ಎಂದು ಪುಸ್ತಕ ಬಿಡಿಸಿ ಬೆರಳಿಟ್ಟಳು. ಪಾಠದ ಹೆಸರು ‘ಸಂಭವನೀಯತೆ’.

ಪದವಾದರೆ ನನ್ನ ರಾಜ್ಯ. ಧೈರ್ಯ ಬಂದಿತು. ಸಂಸ್ಕೃತದ ‘ಭೂ’ ಧಾತು, ಅದಕ್ಕೆ ‘ಸಂ’ ಎಂಬ ಉಪಸರ್ಗ, ಸಂಭವಿಸುವುದೆಂದರೆ ಉಂಟಾಗುವುದು, ಉಂಟಾಗಬಹುದಾದದ್ದು ಸಂಭವನೀಯ, ಅದರ ಭಾವ ಸಂಭವನೀಯತೆ ಎಂದು ಬಿಡಿಸಿ ಹೇಳಿದೆ. ಹುಡುಗಿ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೂ ಅರ್ಥವಾಗುವುದಕ್ಕೂ ಇರುವ ಅಂತರವನ್ನು ಅರಿಯದೆ ಇಪ್ಪತ್ತು ವರ್ಷ ಅಧ್ಯಾಪಕನಾಗಿರಲು ಸಾಧ್ಯವಿಲ್ಲ. ಆದುದರಿಂದ ಸಂಸ್ಕೃತವನ್ನು ಬಿಟ್ಟು ಕನ್ನಡಕ್ಕೆ ಬಂದೆ. ನಾವು ದಿನವೂ ನೂರು ಸಲ ಆಡುವ ‘ಬಹುದು’ ಎಂಬ ಮಾತು ‘ಬರು’ ಎಂಬ ಧಾತುವಿನಿಂದ ಬಂದದ್ದು. ಹಳಗನ್ನಡದ ‘ಬರ್ಪುದು’ ಸವೆಸವೆದು ‘ಬಹುದು’ ಆಯಿತು. ‘ಆಗಬಹುದು’ ಎಂದರೆ, ಆಗುವುದರ ಕಡೆಗೆ ಬರುತ್ತಿರುವುದು, ಇನ್ನೂ ಬಂದು ಮುಟ್ಟದಿರುವುದು. ಇನ್ನೊಂದು ರೂಪವೂ ನಮ್ಮಲ್ಲಿದೆಯಲ್ಲ, ಮಳೆ ಬಂದೀತು, ಅವನು ಹೋದಾನು, ಅವಳು ಗೆದ್ದಾಳು? ವ್ಯಾಕರಣದಲ್ಲಿ ಇದನ್ನು ಏನೆಂದು ಓದಿದ್ದೀಯೆ?

“ಸಂಭಾವನಾರ್ಥಕ ಕ್ರಿಯಾಪದ” ಎಂದಳು. ಮರುಕ್ಷಣವೇ ಅವಳ ಕಣ್ಣು ಅಗಲವಾಯಿತು. “ಎರಡೂ ಒಂದೇ ಏನ್ರಿ ಸಾರ್?”

ಒಂದೇ ಕುಲದವು. ವ್ಯಾಕರಣವು ‘ಬಂದೀತು’ ಎಂಬ ರೂಪವನ್ನು ಕೊಟ್ಟು ಸುಮ್ಮನಾಗುತ್ತದೆ. ಎಷ್ಟರ ಮಟ್ಟಿಗೆ ಬಂದೀತು ಎಂದು ಹೇಳುವುದು ಅದರ ಕೆಲಸವಲ್ಲ. ಕಾರ್ಮೋಡ ಕವಿದಾಗಲೂ ಮಳೆ ಬಂದೀತು ಎನ್ನುತ್ತೇವೆ, ಬೇಸಗೆಯ ಬರಿ ಆಕಾಶದಲ್ಲಿ ಒಂದು ತುಣುಕು ಬಿಳಿಮೋಡ ಕಂಡಾಗಲೂ ಬಂದೀತು ಎನ್ನುತ್ತೇವೆ. ಮಾತು ಒಂದೇ, ತೂಕ ಬೇರೆ. ಆ ತೂಕವನ್ನು ಸೊನ್ನೆಗೂ ಒಂದಕ್ಕೂ ನಡುವಣ ಒಂದು ಸಂಖ್ಯೆಯಲ್ಲಿ ಹೇಳುವ ವಿದ್ಯೆಯೇ ನಿನ್ನ ಪಾಠ. ಎಂದೂ ಆಗದ್ದಕ್ಕೆ ಸೊನ್ನೆ, ಆಗಿಯೇ ತೀರುವುದಕ್ಕೆ ಒಂದು, ಉಳಿದ ‘ಬಂದೀತು’ಗಳೆಲ್ಲ ಇವೆರಡರ ನಡುವೆ. ಇಷ್ಟು ಹೇಳಿ ಮುಗಿಸಿದಾಗ ಗಣಿತವನ್ನು ಗೆದ್ದಷ್ಟು ಸಂತೋಷ ನನಗಾಯಿತು. ಆ ಸಂತೋಷದಲ್ಲಿಯೇ ಎಡವಿದೆ.

ಪುಸ್ತಕದಲ್ಲಿ ಮೊದಲ ಲೆಕ್ಕ ಎರಡು ನಾಣ್ಯಗಳನ್ನು ಚಿಮ್ಮುವುದು. ಎರಡೂ ಶಿರವಾಗಬಹುದು, ಎರಡೂ ಪುಚ್ಛವಾಗಬಹುದು, ಅಥವಾ ಒಂದು ಶಿರ ಒಂದು ಪುಚ್ಛವಾಗಬಹುದು. ಮೂರು ಬಗೆ; ಆದ್ದರಿಂದ ಒಂದೊಂದರ ಸಂಭವ ಮೂರರಲ್ಲಿ ಒಂದು ಎಂದು ನಾನು ಘಂಟಾಘೋಷವಾಗಿ ಸಾರಿದೆ. ಹುಡುಗಿ ಒಪ್ಪಿಕೊಂಡು ಹೋದಳು. ಮರುದಿನ ಸಂಜೆ ಹಾಜರಾದಾಗ ಅವಳ ಕೈಯಲ್ಲಿ ನೋಟುಪುಸ್ತಕದ ಒಂದು ಹಾಳೆಯಿತ್ತು. ಅದರ ತುಂಬ ಐದೈದರ ಕಟ್ಟುಗಳಲ್ಲಿ ಎಳೆದ ಗೀಟುಗಳು. ಎರಡು ನಾಣ್ಯಗಳನ್ನು ನೂರು ಸಲ ಚಿಮ್ಮಿದ್ದಳಂತೆ. ‘ಒಂದು ಶಿರ ಒಂದು ಪುಚ್ಛ’ ಎಂಬ ಸಾಲೊಂದೇ ಉಳಿದೆರಡು ಸಾಲುಗಳು ಕೂಡಿದಷ್ಟು ಉದ್ದವಾಗಿತ್ತು. “ನೀವು ಹೇಳಿದ್ದು ತಪ್ಪಿರಬೇಕು ಸಾರ್” ಎಂದು ಬಾಯಿಬಿಟ್ಟು ಅನ್ನಲಿಲ್ಲ. ಹಾಳೆಯನ್ನು ನನ್ನ ಮುಂದಿಟ್ಟು ನೆಲ ನೋಡುತ್ತ ನಿಂತಳು.

ನಾಣ್ಯಗಳು ಎರಡಾದುದರಿಂದ ‘ಇದು ಶಿರ, ಅದು ಪುಚ್ಛ’ ಎಂಬುದೊಂದು ಬಗೆ, ‘ಇದು ಪುಚ್ಛ, ಅದು ಶಿರ’ ಎಂಬುದು ಇನ್ನೊಂದು ಬಗೆ. ಬಗೆಗಳು ಮೂರಲ್ಲ, ನಾಲ್ಕು; ಮಿಶ್ರವಾದದ್ದರ ಪಾಲಿಗೆ ನಾಲ್ಕರಲ್ಲಿ ಎರಡು, ಅಂದರೆ ಅರ್ಧ. ಸಮವಲ್ಲದ್ದನ್ನು ಸಮವೆಂದು ಎಣಿಸಿದ್ದು ನನ್ನ ದೋಷ. ಆಮೇಲೆ ದಾವಣಗೆರೆಯ ಕಾಲೇಜಿನಲ್ಲಿ ಗಣಿತದ ಮಿತ್ರರೊಬ್ಬರ ಮುಂದೆ ಈ ಅವಮಾನವನ್ನು ತೋಡಿಕೊಂಡೆ. ಅವರು ನಕ್ಕು, ನನ್ನ ಜೊತೆಗೆ ದೊಡ್ಡವರಿದ್ದಾರೆಂದು ಸಮಾಧಾನ ಹೇಳಿದರು. ಫ್ರಾನ್ಸಿನ ಮಹಾಗಣಿತಜ್ಞ ದಾಲಂಬೇರ್ 1754ರಲ್ಲಿ ಅಲ್ಲಿಯ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ, ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವ ಮೂರರಲ್ಲಿ ಎರಡು ಎಂದನಂತೆ. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತೆಂದು ಭಾವಿಸಿ ಅವನೂ ಮೂರೇ ಬಗೆಗಳನ್ನು ಎಣಿಸಿದ. ಸರಿಯಾದ ಉತ್ತರ ನಾಲ್ಕರಲ್ಲಿ ಮೂರು. ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಮಹನೀಯರು ಅರ್ಧಕ್ಕೆ ನಿಂತ ಜೂಜಿನ ಪಣವನ್ನು ಹಂಚುವ ಬಗೆಯನ್ನು ಕುರಿತು 1654ರಲ್ಲಿ ಪತ್ರ ಬರೆದುಕೊಂಡು ಈ ಶಾಸ್ತ್ರಕ್ಕೆ ತಳಹದಿ ಹಾಕಿದ ಮೇಲೂ, ಸರಿಯಾಗಿ ನೂರು ವರ್ಷ ಕಳೆದ ಮೇಲೆ, ಅಂಥ ಮೇಧಾವಿ ಹೀಗೆ ಜಾರಿದನೆಂದರೆ ಕನ್ನಡದ ಉಪನ್ಯಾಸಕನನ್ನು ಕ್ಷಮಿಸಬಹುದು. ಹುಡುಗಿಯ ಬಳಿ ಒಪ್ಪಿಕೊಂಡೆ. ಅಂದಿನಿಂದ ನಾವಿಬ್ಬರೂ ವಿದ್ಯಾರ್ಥಿಗಳೇ ಆದೆವು.

ನಮ್ಮ ನಿಜವಾದ ಗುರು ಸಿಕ್ಕಿದ್ದು ಒಳಮನೆಯಲ್ಲಿ. ನಮ್ಮ ಅವ್ವನಿಗೆ ಈಗ ಎಂಬತ್ತರ ಹತ್ತಿರ. ಅವಳ ಹಳೆಯ ತಗಡಿನ ಡಬ್ಬಿಯಲ್ಲಿ ನಾಲ್ಕು ಕವಡೆಗಳಿವೆ. ಐದೈದು ಮನೆಗಳ ಚೌಕಾಬಾರದ ಪಟವನ್ನು ಸೀಮೆಸುಣ್ಣದಿಂದ ಜಗುಲಿಯ ಮೇಲೆ ಬರೆದು ಆಡಲು ಕುಳಿತರೆ, ನಮ್ಮ ಮನೆಯಲ್ಲಿ ಅವಳನ್ನು ಗೆದ್ದವರಿಲ್ಲ. ಆಟ ಬಲ್ಲವರಿಗೆ ನಿಯಮ ಹೇಳಬೇಕಾಗಿಲ್ಲ, ಮರೆತವರಿಗಾಗಿ ಹೇಳುತ್ತೇನೆ. ಅಂಗಾತ ಬಿದ್ದ ಕವಡೆಗಳೆಷ್ಟೋ ಅಷ್ಟು ಮನೆ ಕಾಯಿ ನಡೆಯುತ್ತದೆ. ನಾಲ್ಕೂ ಅಂಗಾತವಾದರೆ ನಾಲ್ಕು, ಅದು ಚೌಕ. ನಾಲ್ಕೂ ಬೋರಲಾದರೆ ಎಂಟು, ಅದು ಬಾರ. ಇವೆರಡು ಬಿದ್ದವರಿಗೆ ಇನ್ನೊಂದು ಸಲ ಹಾಕುವ ಹಕ್ಕು. ಆಟದ ಹೆಸರೇ ಇವೆರಡು ದುರ್ಲಭ ಫಲಗಳಿಂದ ಬಂದಿದೆ. ಏಕೆ ದುರ್ಲಭ? ಎಂದೂ ಕೇಳಿಕೊಳ್ಳದ ಈ ಪ್ರಶ್ನೆಯನ್ನು ಅಂದು ಕೇಳಿಕೊಂಡೆವು.

ಒಂದು ಕವಡೆಗೆ ಬೀಳುವ ಬಗೆ ಎರಡು. ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು, ನಾಲ್ಕು ಕವಡೆಗೆ ಹದಿನಾರು. ಹುಡುಗಿ ಹದಿನಾರನ್ನೂ ಸಾಲಾಗಿ ಬರೆದಳು. ನಾಲ್ಕೂ ಅಂಗಾತವಾಗುವ ಸಾಲು ಒಂದೇ ಒಂದು. ನಾಲ್ಕೂ ಬೋರಲಾಗುವ ಸಾಲು ಒಂದೇ ಒಂದು. ಒಂದೇ ಕವಡೆ ಅಂಗಾತವಾಗುವ ಸಾಲು ನಾಲ್ಕು, ಮೂರು ಅಂಗಾತವಾಗುವ ಸಾಲು ನಾಲ್ಕು. ಎರಡು ಅಂಗಾತ ಎರಡು ಬೋರಲಾಗುವ ಸಾಲುಗಳು ಮಾತ್ರ ಆರು. ಅಂದರೆ ಹದಿನಾರು ಸಲದಲ್ಲಿ ‘ಎರಡು’ ಆರು ಸಲ ಬಿದ್ದೀತು, ‘ಎಂಟು’ ಒಂದು ಸಲ ಬಿದ್ದೀತು. ಇಬ್ಬರಿಗೂ ಇರುವುದು ‘ಬಿದ್ದೀತು’ ಎಂಬ ಒಂದೇ ಕ್ರಿಯಾಪದ. ಒಂದರ ತೂಕ ಇನ್ನೊಂದರ ಆರರಷ್ಟು!

ನಾವು ಹಾಳೆಯ ಮೇಲೆ ಇಷ್ಟೆಲ್ಲ ಸಾಹಸ ಮಾಡಿದ್ದನ್ನು ಅವ್ವ ಅಡಕೆ ಕತ್ತರಿಸುತ್ತ ನೋಡುತ್ತಿದ್ದಳು. ಕೊನೆಗೆ ಅಂದಳು: “ಅದನ್ನ ಇಷ್ಟೊತ್ತು ಬರೀಬೇಕೇನು? ವೈರಿ ಕಾಯಿ ಎರಡು ಮನಿ ಹಿಂದಿದ್ರೆ ಅಲ್ಲಿ ನಿಂದ್ರಬಾರ್ದು. ಎಂಟು ಮನಿ ಹಿಂದಿದ್ರೆ ನಿದ್ದಿ ಮಾಡಬಹುದು.”

ಅರವತ್ತು ಎಪ್ಪತ್ತು ವರ್ಷ ಅವಳು ಆಡಿ ಗೆದ್ದ ಗುಟ್ಟು ಇದು. ಶಾಲೆಯ ಮೆಟ್ಟಿಲು ಹತ್ತದವಳು ಸಾವಿರಾರು ಸಲ ಕವಡೆ ಹಾಕಿ, ಕಣ್ಣಿನಿಂದಲೇ ಲೆಕ್ಕವಿಟ್ಟು, ಹದಿನಾರರ ಪಟ್ಟಿಯನ್ನು ಬರೆಯದೆಯೇ ಬರೆದುಕೊಂಡಿದ್ದಳು. ನಾವು ಬಗೆಗಳನ್ನು ಎಣಿಸಿ ತಿಳಿದುದನ್ನು ಅವಳು ಫಲಗಳನ್ನು ಕಂಡು ತಿಳಿದಿದ್ದಳು. ಈ ವಿದ್ಯೆಗೆ ಹೋಗುವ ಎರಡು ದಾರಿಗಳೂ ಇವೇ.

ಮೊದಲನೆಯ ದಾರಿ ನಮ್ಮ ನಾಡಿಗೆ ಹೊಸದೇನಲ್ಲ. ‘ಕವಿರಾಜಮಾರ್ಗ’ ಹುಟ್ಟಿದ ಕಾಲದಲ್ಲಿಯೇ, ಅದೇ ರಾಷ್ಟ್ರಕೂಟ ನೃಪತುಂಗನ ಆಶ್ರಯದ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅವನು ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಉದಾಹರಣೆಯಾಗಿ ಅವನು ತೆಗೆದುಕೊಂಡವುಗಳಲ್ಲಿ ಷಡ್ರಸಗಳೂ ಇವೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಈ ಆರನ್ನು ಎಷ್ಟು ವಿಧವಾಗಿ ಕೂಡಿಸಬಹುದು? ಒಂದೊಂದೇ, ಎರಡೆರಡು, ಮೂರುಮೂರು ಎಂದು ಎಲ್ಲವನ್ನೂ ಸೇರಿಸಿದರೆ ಅರವತ್ತಮೂರು. ಆ ಸೂತ್ರವನ್ನೇ ಕವಡೆಗೆ ಹಚ್ಚಿದೆವು: ನಾಲ್ಕನ್ನು ಮೂರರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಆರು. ಹುಡುಗಿ ಕೈಯಲ್ಲಿ ಬರೆದ ಆರು ಸಾಲುಗಳು ಸರಿಯಾಗಿ ತಾಳೆಯಾದುವು. ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಎಷ್ಟೋ ವರ್ಷಗಳಿಂದ ನಾನು ಹೆಸರು ಹೇಳಿ ದಾಟಿಬಿಡುತ್ತಿದ್ದ ಗ್ರಂಥವೊಂದು ನಮ್ಮ ಜಗುಲಿಯ ಮೇಲೆ ಉಪಯೋಗಕ್ಕೆ ಬಂತು.

ಆದರೆ ಎಣಿಕೆಯೊಂದನ್ನೇ ನಂಬಿದರೂ ಮೋಸವಿದೆ. ಹದಿನಾರು ಸಾಲುಗಳೂ ಸಮತೂಕದವು ಎಂದು ನಾವು ಭಾವಿಸಿದ್ದು ಕವಡೆಯ ಬೆನ್ನೂ ಬಾಯಿಯೂ ಸಮವೆಂದು ತಿಳಿದು. ಅವ್ವನ ಕವಡೆಗಳನ್ನು ಒಂದೊಂದಾಗಿ ಹಾಕಿ ಗೀಟೆಳೆದು ನೋಡಿದಾಗ, ಅವುಗಳಲ್ಲೊಂದು ಮತ್ತೆಮತ್ತೆ ಬೋರಲಾಗುವುದನ್ನೇ ಇಷ್ಟಪಡುವಂತೆ ಕಂಡಿತು. ಕವಡೆ ನಾಣ್ಯದಂತೆ ಚಪ್ಪಟೆಯಲ್ಲ. ಅದರ ಉಬ್ಬು, ಅದರ ಸವೆತ, ಅದರದೇ ಒಂದು ಹಟ. ಇಂಥಲ್ಲಿ ಎರಡನೆಯ ದಾರಿಯೇ ಗತಿ: ಹಾಕಿ ನೋಡಬೇಕು, ಬರೆದಿಡಬೇಕು.

ಭದ್ರಾ ನಾಲೆಯ ನೀರು ಹರಿಯುವ ನಮ್ಮ ಕಡೆಯ ಭತ್ತದ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಿತ್ತುವ ಮೊದಲು ಅವನು ನೂರು ಕಾಳುಗಳನ್ನು ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಮೊಳೆತವೆಷ್ಟು ಎಂದು ಎಣಿಸುತ್ತಾನೆ. ಪ್ರಮಾಣಿತ ಭತ್ತದ ಬೀಜ ನೂರಕ್ಕೆ ಎಂಬತ್ತಾದರೂ ಮೊಳೆಯಬೇಕೆಂಬುದು ನಿಯಮ. ಚೀಲದ ಒಂದು ಕಾಳನ್ನು ಕೈಗೆತ್ತಿಕೊಂಡು ಇದು ಮೊಳೆಯುವುದೋ ಇಲ್ಲವೋ ಎಂದರೆ ಬ್ರಹ್ಮನೂ ಹೇಳಲಾರ. ಸಾವಿರ ಕಾಳಿನಲ್ಲಿ ಸುಮಾರು ಎಷ್ಟು ಮೊಳೆತಾವು ಎಂದರೆ ರೈತ ಧೈರ್ಯವಾಗಿ ಹೇಳುತ್ತಾನೆ. ಅನ್ನ ಬೆಂದಿತೋ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುವುದೂ ಇದೇ ಜಾತಿಯ ವಿದ್ಯೆ. ಆದರೆ ಅಲ್ಲಿಯೂ ಒಂದು ಎಚ್ಚರ ಬೇಕು: ಮೇಲಿನ ಅಗುಳನ್ನು ಮಾತ್ರ ನೋಡಿದವಳು ತಳ ಸೀದದ್ದನ್ನು ಅರಿಯಳು.

ಒಂದಿಷ್ಟನ್ನು ಕಂಡು ಎಲ್ಲವನ್ನೂ ಎಷ್ಟರ ಮಟ್ಟಿಗೆ ಹೇಳಬಹುದು ಎಂಬ ಈ ಪ್ರಶ್ನೆಗೆ ಜಗತ್ತಿಗೇ ಉತ್ತರ ಹೇಳಿದ ಒಬ್ಬ ಮಹನೀಯರು ಹುಟ್ಟಿದ್ದು ನಮಗೆ ದೂರದಲ್ಲೇನೂ ಅಲ್ಲ. ಹರಿಹರೇಶ್ವರನ ಪಾದದ ಬಳಿ ಹರಿದ ತುಂಗಭದ್ರೆ ಮುಂದೆ ಹೂವಿನ ಹಡಗಲಿಯ ಸೀಮೆಯನ್ನು ಮುಟ್ಟುತ್ತಾಳೆ. ಆ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು, ಒಂದು ತೆಲುಗು ಮನೆತನದಲ್ಲಿ, ಸಿ.ಆರ್. ರಾವ್ ಜನಿಸಿದರು. 1945ರಲ್ಲಿ, ಕಲಕತ್ತೆಯಲ್ಲಿದ್ದಾಗ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ಸಂಖ್ಯಾಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಲಭ್ಯವಿರುವ ಮಾಹಿತಿಯಿಂದ ಮಾಡುವ ಅಂದಾಜು ಎಷ್ಟರ ಮಟ್ಟಿಗೆ ನಿಖರವಾದೀತು, ಅದಕ್ಕಿಂತ ಹೆಚ್ಚು ನಿಖರವಾಗಲು ಏಕೆ ಸಾಧ್ಯವಿಲ್ಲ ಎಂಬ ಎಲ್ಲೆಯನ್ನು ಅವರು ಗುರುತಿಸಿದರು. ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪುರಸ್ಕಾರ ಅವರಿಗೆ ಸಂದದ್ದು 2023ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ, ನೂರಎರಡು ತುಂಬಿದ್ದ ಅವರು ಅಮೆರಿಕದಲ್ಲಿ ತೀರಿಕೊಂಡರು. ‘ನಮ್ಮ ಹೊಳೆಯ ಕೆಳಗಿನ ಊರಿನವರು’ ಎಂದಾಗ ಹುಡುಗಿ ಆ ಹೆಸರನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು.

ಇಲ್ಲಿಯವರೆಗೆ ಎಲ್ಲವೂ ಪಾಠವೇ ಆಗಿತ್ತು. ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಅವಳ ಪ್ರಶ್ನೆಗಳ ಬಣ್ಣ ಬದಲಾಯಿತು. ಒಂದು ದಿನ ಕೇಳಿದಳು: “ಒಂದು ಕವಡಿ ಐದು ಸಲ ಬೋರಲೇ ಬಿದ್ರೆ ಆರನೇ ಸಲ ಅಂಗಾತ ಬೀಳ್ಲೇಬೇಕಲ್ಲ ಸಾರ್?” ಇಲ್ಲ ಎಂದೆ. ಕವಡೆಗೆ ನೆನಪಿಲ್ಲ. ಹಿಂದೆ ಐದು ಸಲ ಹೇಗೆ ಬಿದ್ದೆನೆಂದು ಅದು ಬರೆದಿಟ್ಟುಕೊಳ್ಳುವುದಿಲ್ಲ; ಬರೆದಿಟ್ಟುಕೊಳ್ಳುವವರು ನಾವು. ಅದು ಯಾರಿಗೂ ಸಾಲಗಾರನಲ್ಲ, ಬಾಕಿ ತೀರಿಸಬೇಕಾದ ಹಂಗು ಅದಕ್ಕಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: “ನೂರು ಚೀಟಿಯೊಳಗೆ ಒಂದು ಅಂಕಿ ಎತ್ತತಾರೆ ಅನ್ಕೊಳ್ರಿ. ಬಂದ್ರೆ ಒಂದು ರೂಪಾಯಿಗೆ ಎಂಬತ್ತು ಕೊಡ್ತಾರೆ. ಮೂರು ತಿಂಗಳಿಂದ ಬರದೇ ಇರೋ ಅಂಕಿ ಇದ್ರೆ, ಅದು ಬರೋದು ಜಾಸ್ತಿ ಅಲ್ಲೇನ್ರಿ?”

ಇದು ಪುಸ್ತಕದ ಲೆಕ್ಕವಲ್ಲ. ಒಂದಕ್ಕೆ ಎಂಬತ್ತು ಎಂಬ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅದು ಓಸಿ, ಮಟ್ಕಾ. 1963ರ ಪೊಲೀಸ್ ಕಾಯಿದೆಯ ಪ್ರಕಾರ ಅಪರಾಧವಾಗಿದ್ದರೂ ಚೀಟಿ ಬರೆಯುವ ಕೈ ನಿಂತಿಲ್ಲ. ಆಡಿಸಿದವರು ಸಿಕ್ಕಿಬಿದ್ದ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ಮೊದಲೊಂದು ಅಂಕಿ ‘ಓಪನ್’, ಆಮೇಲೊಂದು ಅಂಕಿ ‘ಕ್ಲೋಸ್’, ಎರಡೂ ಕೂಡಿ ಸೊನ್ನೆಸೊನ್ನೆಯಿಂದ ತೊಂಬತ್ತೊಂಬತ್ತರ ತನಕ ನೂರು ಸಂಖ್ಯೆಗಳಲ್ಲಿ ಒಂದು. ನಾನು ಅವಳ ಮುಖವನ್ನು ನೋಡಿದೆ. ಅವಳು ನೋಡಗೊಡಲಿಲ್ಲ. ತಂದೆ ಅಕ್ಕಿಯ ಗಿರಣಿಯಲ್ಲಿ ಚೀಲ ಹೊರುವ ಹಮಾಲಿ. ಒಳ್ಳೆಯ ದುಡಿಮೆಗಾರ, ಕುಡಿತವಿಲ್ಲ. ಆದರೆ ಹಿಂದೆ ಬಂದ ಅಂಕಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ತಾರೀಖುವಾರು ಬರೆದಿಟ್ಟು, ಬಹಳ ದಿನದಿಂದ ಬಾರದ ಅಂಕಿ ‘ಬಾಕಿ ಐತಿ’ ಎಂದು ದಿನವೂ ನೂರು ರೂಪಾಯಿ ಕಟ್ಟುವುದು ಅವನ ರೂಢಿ. ಅವಳನ್ನು ದಾವಣಗೆರೆಯಲ್ಲಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿಸುವ ಹಣವೂ ಆ ಬಾಕಿಯಿಂದಲೇ ಬರಬೇಕಾಗಿತ್ತು.

ಉಪದೇಶ ಮಾಡುವುದು ಸುಲಭ. ಅದನ್ನು ಅವನಿಗೆ ಹೆಂಡತಿ ಮಾಡಿದ್ದಳು, ಅಣ್ಣ ಮಾಡಿದ್ದ. ನಾನು, “ಲೆಕ್ಕ ಮಾಡೋಣವೇ?” ಎಂದೆ.

ಒಂದು ರೂಪಾಯಿಯಂತೆ ನೂರು ಅಂಕಿಗಳ ಮೇಲೂ ಕಟ್ಟಿದೆ ಎಂದಿಟ್ಟುಕೊಳ್ಳೋಣ. ಸೋಲುವ ಪ್ರಶ್ನೆಯೇ ಇಲ್ಲ. ಯಾವುದಾದರೊಂದು ಬಂದೇ ಬರುತ್ತದೆ. ಕೊಟ್ಟದ್ದು ನೂರು, ಬಂದದ್ದು ಎಂಬತ್ತು. ಖಂಡಿತವಾಗಿ ಗೆದ್ದವನೂ ಇಪ್ಪತ್ತು ರೂಪಾಯಿ ಕಳೆದುಕೊಂಡು ಮನೆಗೆ ಹೋಗುತ್ತಾನೆ! ದಿನಕ್ಕೆ ನೂರರಂತೆ ತಿಂಗಳಿಗೆ 3,000 ರೂಪಾಯಿ ಕಟ್ಟುವವನಿಗೆ ಸರಾಸರಿಯಲ್ಲಿ 600 ರೂಪಾಯಿ ನಷ್ಟ. ಆದರೆ ಸರಾಸರಿ ಎಂಬುದು ನಿಧಾನವಾಗಿ ಮುಖ ತೋರಿಸುವ ವಸ್ತು. ದಿನಕ್ಕೊಂದೇ ಅಂಕಿಯ ಮೇಲೆ ಕಟ್ಟಿದರೆ, ಮೂವತ್ತು ದಿನಗಳಲ್ಲಿ ಒಮ್ಮೆಯೂ ಬಾರದಿರುವ ಸಂಭವ ನೂರಕ್ಕೆ ಸುಮಾರು 74. ಎಂದರೆ ನಾಲ್ಕು ತಿಂಗಳಲ್ಲಿ ಮೂರು ತಿಂಗಳು ಕಟ್ಟಿದ್ದೆಲ್ಲ ಹೋಯಿತು, ಒಂದು ಕಾಸೂ ಇಲ್ಲ. ನಾಲ್ಕನೆಯ ತಿಂಗಳಲ್ಲಿ ಒಮ್ಮೆ 8,000 ಬಂದರೆ ಆ ಸುದ್ದಿ ಕೇರಿಗೆಲ್ಲ ಹರಡುತ್ತದೆ. ಗೆದ್ದ ದಿನ ಊರಿಗೇ ತಿಳಿಯುತ್ತದೆ. ಸೋತ ದಿನ ಹೆಂಡತಿಗೂ ತಿಳಿಯುವುದಿಲ್ಲ. ಮೇಲಿನ ಅಗುಳನ್ನು ಮಾತ್ರ ನೋಡಿದಂತೆ ಇದು.

ಬಾಕಿಯ ಅಂಕಿಯ ವಿಷಯವನ್ನು ಮಾತ್ರ ನಾನು ಬಿಡಿಸಲಾರದೆ ಹೋದೆ. ಮರುದಿನ ದಾವಣಗೆರೆಯಲ್ಲಿ, ಬೆಣ್ಣೆದೋಸೆಯ ತಟ್ಟೆಗಳ ಎದುರು ಕುಳಿತು, ಗಣಿತದ ಮಿತ್ರರನ್ನೇ ಕೇಳಿದೆ. ಅವರು ಕರವಸ್ತ್ರದಿಂದ ಬೆಣ್ಣೆಯ ಕೈ ಒರಸಿಕೊಂಡು ಬಿಲ್ಲಿನ ಹಿಂಬದಿಯಲ್ಲಿ ಗುಣಿಸಿದರು. ನೂರು ಸಲ ಅಂಕಿ ಎತ್ತಿದರೂ ಗೊತ್ತಾದ ಒಂದು ಅಂಕಿ ಒಮ್ಮೆಯೂ ಬಾರದಿರುವ ಸಂಭವ ನೂರಕ್ಕೆ ಸುಮಾರು 37. ಹಾಗಾದರೆ ನೂರು ದಿನ ಬರೆದ ಯಾವ ಪುಸ್ತಕವನ್ನು ತೆರೆದರೂ, ಸುಮಾರು ಮೂವತ್ತೇಳು ಅಂಕಿಗಳು ಒಮ್ಮೆಯೂ ಬಾರದೆ ಉಳಿದಿರುತ್ತವೆ. ‘ಬಾಕಿ’ ಎಂಬುದು ಯಾವುದೋ ಒಂದು ಅಂಕಿಯ ವಿಶೇಷವಲ್ಲ. ಅದು ಪುಸ್ತಕದ ಸ್ವಭಾವ. ಅಂಥ ಅಂಕಿ ನಾಳೆ ಬರುವ ಸಂಭವ ನಿನ್ನೆ ಎಷ್ಟಿತ್ತೋ ಅಷ್ಟೇ, ನೂರರಲ್ಲಿ ಒಂದು. ಇದೂ ಅಂಕಿ ಎತ್ತುವ ಕೈ ಪ್ರಾಮಾಣಿಕವಾಗಿದ್ದರೆ!

ಅಂದು ಸಂಜೆ ನಾನು ಹುಡುಗಿಗೆ ನನ್ನ ಕಸುಬಿನ ಕಥೆಯೊಂದನ್ನು ಹೇಳಿದೆ. ನಳಚರಿತ್ರೆಯನ್ನು ಕನಕದಾಸರು ಭಾಮಿನಿಯಲ್ಲಿ ಹಾಡಿದ್ದಾರೆ. ಮೂಲ ಮಹಾಭಾರತದ ಅರಣ್ಯಪರ್ವದಲ್ಲಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ರಥ ಓಡಿಸುತ್ತಿದ್ದಾನೆ. ದಾರಿಯಲ್ಲೊಂದು ತಾರೆಯ ಮರ. ತ್ರಿಫಲೆಯ ಅಳಲೆ, ತಾರೆ, ನೆಲ್ಲಿಗಳಲ್ಲಿ ನಡುವಿನದು. ಪ್ರಾಚೀನರು ಜೂಜಿಗೆ ಬಳಸುತ್ತಿದ್ದ ದಾಳಗಳು ಇದೇ ಮರದ ಕಾಯಿಗಳು. ಓಡುವ ರಥದಿಂದಲೇ ಋತುಪರ್ಣ ಅದರ ಎಲೆಗಳೆಷ್ಟು, ಹಣ್ಣುಗಳೆಷ್ಟು ಎಂದು ಹೇಳಿಬಿಡುತ್ತಾನೆ. ನಳ ನಂಬಲಾರದೆ ರಥ ನಿಲ್ಲಿಸಿ, ಮರವನ್ನು ಕಡಿದು ಎಣಿಸಿ ನೋಡುತ್ತಾನೆ; ಲೆಕ್ಕ ಸರಿಯಾಗಿದೆ. ಆಗ ಋತುಪರ್ಣ ಅವನಿಗೆ ಅಕ್ಷಹೃದಯವೆಂಬ ವಿದ್ಯೆಯನ್ನು ಕೊಡುತ್ತಾನೆ: ದಾಳಗಳ ಮರ್ಮ, ಎಣಿಕೆಯ ಮರ್ಮ. ಆ ವಿದ್ಯೆ ಕೈಸೇರಿದ ಕ್ಷಣವೇ ಅಷ್ಟು ಕಾಲ ನಳನ ದೇಹದಲ್ಲಿ ಮನೆಮಾಡಿದ್ದ ಕಲಿ ಹೊರಬಿದ್ದು ಆ ತಾರೆಯ ಮರವನ್ನು ಸೇರುತ್ತಾನೆ. ಈ ಕಥೆಯನ್ನು ಹಲವು ವರ್ಷ ಪಾಠ ಹೇಳಿದ್ದೇನೆ. ಕಲಿಯನ್ನು ಓಡಿಸಿದ್ದು ಮಂತ್ರವಲ್ಲ, ಎಣಿಕೆ ಎಂಬುದು ಅಂದೇ ನನಗೆ ಹೊಳೆದದ್ದು.

ಹುಡುಗಿ ಸುಲಭಕ್ಕೆ ಬಿಡುವವಳಲ್ಲ. “ಆಮೇಲೆ ನಳ ಮತ್ತೆ ಜೂಜಾಡಿ ರಾಜ್ಯ ಗೆದ್ದನಲ್ರಿ ಸಾರ್?” ಎಂದಳು. ನಿಜ, ಗೆದ್ದ. ಅವನ ಅಕ್ಷಹೃದಯ ಏನು ಹೇಳಿತೆಂಬುದನ್ನು ಕವಿ ಬಿಡಿಸಿ ಹೇಳಿಲ್ಲ. “ಈ ಆಟದ ಅಕ್ಷಹೃದಯವನ್ನು ಮಾತ್ರ ನೀನೇ ಬರೆದಿದ್ದೀಯಲ್ಲ? ಕೊಟ್ಟದ್ದು ನೂರು, ಬಂದದ್ದು ಎಂಬತ್ತು” ಎಂದೆ.

ಅವಳು ಅದನ್ನು ತಂದೆಯ ಮುಂದಿಟ್ಟದ್ದು ಪರೀಕ್ಷೆ ಮುಗಿದ ಮೇಲೆ. ಅಲ್ಲಿ ನಾನಿರಲಿಲ್ಲ, ಅವಳು ಹೇಳಿದ್ದನ್ನು ಹೇಳುತ್ತೇನೆ. ಅವನ ಪುಸ್ತಕವನ್ನೇ ತೆಗೆದುಕೊಂಡು, ಅವನ ಅಂಕಿಗಳಲ್ಲಿಯೇ ನೂರು ದಿನಗಳನ್ನು ಎಣಿಸಿ, ಬಾರದೆ ಉಳಿದ ಅಂಕಿಗಳನ್ನೆಲ್ಲ ಒಂದು ಪಟ್ಟಿ ಮಾಡಿ ತೋರಿಸಿದಳಂತೆ. ಒಂದೆರಡೇ ಇರಬೇಕೆಂದು ನಂಬಿದ್ದವನು ಹಾಳೆ ತುಂಬಿದ್ದನ್ನು ಬಹಳ ಹೊತ್ತು ನೋಡಿದನಂತೆ. “ಅಂದ್ರೆ ಬರೋದೇ ಇಲ್ಲ ಅಂತೀಯೇನು?” ಎಂದು ಕೇಳಿದನಂತೆ.

“ಬಂದೀತು ಅಪ್ಪಾಜಿ. ನೂರರಾಗ ಒಂದು. ಆದ್ರೆ ಬಂದ್ರೂ ಕಮ್ಮೀನೇ ಬರ್ತೈತಿ.”

ಅವನು ಬೈಯಲಿಲ್ಲ, ಒಪ್ಪಲೂ ಇಲ್ಲ. ಎದ್ದು ಹೊರಗೆ ಹೋದ. ಕಾಲೇಜಿನ ಹಣವನ್ನು ಅವಳ ತಾಯಿ ಮಹಿಳಾ ಸಂಘದಿಂದ ಸಾಲ ತಂದು ಕಟ್ಟಿದಳು. ಆ ಸಾಲದ ವಾರದ ಕಂತನ್ನು ಈಗ ಅವನೇ ಕೊಡುತ್ತಿದ್ದಾನೆಂದು ಕೇಳಿದ್ದೇನೆ. ಓಸಿ ನಿಂತಿದೆಯೆ? ಹುಡುಗಿಯನ್ನು ನಾನು ಕೇಳಿಲ್ಲ. ದಿನವೂ ಬೆಳಿಗ್ಗೆ ನಾವಿಬ್ಬರೂ ದಾವಣಗೆರೆಗೆ ಹೋಗುವ ಒಂದೇ ಬಸ್ಸನ್ನು ಹಿಡಿಯುತ್ತೇವೆ. ಸೀಟು ಸಿಕ್ಕೀತೇ ಎಂದು ನಾನು ಕೇಳಿದರೆ, “ಸೋಮವಾರ ಐದರಾಗ ಒಂದು, ಬೇರೆ ದಿನ ಅರ್ಧ” ಎನ್ನುತ್ತಾಳೆ. ಅದನ್ನೂ ಬರೆದಿಟ್ಟಿದ್ದಾಳೆಂದು ಕಾಣುತ್ತದೆ.

ಮೊನ್ನೆ ಭಾನುವಾರ ಅವಳ ತಂದೆ ನಮ್ಮ ಜಗುಲಿಗೆ ಬಂದ. ಮಗಳನ್ನು ಕರೆಯಲು ಬಂದವನು ಅವ್ವನ ಒತ್ತಾಯಕ್ಕೆ ಆಟಕ್ಕೆ ಕುಳಿತ. ಅವನ ಕಾಯಿಗೆ ಎಂಟೇ ಬೇಕಾಗಿತ್ತು. ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತ ಕುಲುಕುತ್ತ, ಹಾಕದೆ ತಡೆದು, ಮಗಳ ಕಡೆ ನೋಡಿದ. ಅವಳು ಏನೂ ಹೇಳಲಿಲ್ಲ. ಅವನೇ, “ಹದಿನಾರರಾಗ ಒಂದು, ಅಲ್ಲೇನವ್ವಾ?” ಎಂದು ನಕ್ಕು ಕವಡೆ ಹಾಕಿದ. ಬಿದ್ದದ್ದು ಎರಡು.

ಅವನು ಬಿಟ್ಟಾನು. ಇಷ್ಟನ್ನೇ ಬರೆಯಬಲ್ಲೆ. ನೂರರಲ್ಲಿ ಎಷ್ಟು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕವಡೆಗೆ ನೆನಪಿಲ್ಲ, ಮನುಷ್ಯನಿಗಾದರೋ ಇದೆ.